ಮಂಗಳೂರಲ್ಲಿ ಜುಲೈ ತಿಂಗಳು ‘ಬೆಳಿಗ್ಗೆ ಬೋಟಿಂದ ಇಳಿದ ಮೀನು’ ಅಂದ್ರೆ ನಂಬಬೇಡಿ

ನಾಲ್ಕು ಜನರ ಊಟಕ್ಕೆ 6,514 ರೂಪಾಯಿ. ಅದೂ ಕೆಟ್ಟ ಮೀನಿಗೆ! ಮೂರು ದಿನ ಆಯ್ತು, ಇನ್ನೂ ಸಿಟ್ಟು ಇಳಿದಿಲ್ಲ. ಈ ಮಳೆಗಾಲದಲ್ಲಿ ಮೀನು ತಿನ್ನೋಕೆ ಅಂತ ಮಂಗಳೂರಿಗೆ ಹೊರಟವರು ದಯವಿಟ್ಟು ಇದನ್ನು ಓದಿ.

ನಮ್ಮದು ಹಾಸನ. ಊರಿಂದ ಅಕ್ಕ, ಭಾವ ಬಂದಿದ್ದರು. ಭಾವನಿಗೆ ಕರಾವಳಿಯ ಖಾರದ ಮೀನು ಅಂದ್ರೆ ಪ್ರಾಣ. "ನಡೀರಿ ಭಾವ, ಈ ಸಲ ಮಂಗಳೂರಲ್ಲೇ ತಿನ್ನಿಸ್ತೀನಿ, ಖರ್ಚೆಲ್ಲಾ ನನ್ನದು" ಅಂತ ನಾನೇ ಶಿರಾಡಿ ಘಾಟಿ ಇಳಿಸಿ ಕರೆದುಕೊಂಡು ಹೋದೆ. ಹೋಟೆಲ್ ಹೆಸರು ಬರೆಯಲ್ಲ. ಬಂದರಿಗೆ ಹತ್ತಿರ, ಹೊರಗೆ ದೊಡ್ಡ ಬೋರ್ಡು, ಒಳಗೆ ಜನವೋ ಜನ.

ಮೆನುವಿನಲ್ಲಿ ಮಾಂಜಿ (ಪಾಂಫ್ರೆಟ್), ಅಂಜಲ್ (ಸುರ್ಮಾಯಿ) ಮೀನುಗಳ ಎದುರು ರೇಟ್ ಇರಲಿಲ್ಲ. ‘ಸೈಜ್ ಮೇಲೆ’ ಅಂತ ಇತ್ತು. ಅಲ್ಲೇ ಎದ್ದು ಬರಬೇಕಿತ್ತು. ಹುಡುಗ ಟ್ರೇಯಲ್ಲಿ ಮೀನು ತಂದು ತೋರಿಸಿದ. "ಬೆಳಿಗ್ಗೆ ದಕ್ಕೆಗೆ ಬಂದದ್ದು ಸಾರ್. ಬೋಟಿಂದ ಇಳಿಸಿ ಎರಡು ಗಂಟೆ ಆಗ್ಲಿಲ್ಲ. ಫ್ರೆಶ್ ಉಂಟು." ರೇಟ್ ಕೇಳಿದೆ. "ಎಂತ ಜಾಸ್ತಿ ಇಲ್ಲ ಸಾರ್, ತೂಕ ನೋಡಿ ಹೇಳ್ತೇನೆ" ಅಂದ. ಬಿಲ್ ಬರುವ ತನಕ ಅವನು ಏನೂ ಹೇಳಲಿಲ್ಲ.

ಮಾಂಜಿಯ ಕಣ್ಣು ಗುಳಿಬಿದ್ದು ಬೆಳ್ಳಗಾಗಿತ್ತು. ನೋಡಿದೆ, ನಿಜ. ಆದರೆ ಬೋಟಿಂದ ಈಗಷ್ಟೇ ಬಂತು ಅಂದಮೇಲೆ ಅನುಮಾನ ಯಾಕೆ ಅಂತ ಸುಮ್ಮನಾದೆ.

ತವಾ ಫ್ರೈ ಬಂತು. ಮೇಲೆ ಕೆಂಪು ಮಸಾಲೆ ಬೆರಳಿನಷ್ಟು ದಪ್ಪ. ಖಾರ ನಮಗೆ ಹೊಸದಲ್ಲ. ಬ್ಯಾಡಗಿ ಮೆಣಸು, ಹುಣಸೆಹುಳಿ, ಬೆಳ್ಳುಳ್ಳಿ ಅರೆದು ಹಾಕಿದ ಮಸಾಲೆಗೆ ಬಣ್ಣ ಜಾಸ್ತಿ, ಖಾರ ಹದವಾಗಿರುತ್ತೆ, ಮೀನಿನ ರುಚಿ ಕೆಳಗೆ ಗೊತ್ತಾಗುತ್ತೆ. ಇದು ಬರೀ ಉರಿ. ಮಸಾಲೆ ಕೆರೆದು ಪಕ್ಕಕ್ಕಿಟ್ಟು ಬರೀ ಮೀನು ಬಾಯಿಗೆ ಹಾಕಿದೆ. ಹಿಟ್ಟಿನ ಹಾಗೆ ಉದುರಿತು. ಆಮೇಲೆ ಮೂಗಿಗೆ ಹೊಡೆಯುವ ಘಾಟು. ಆ ಖಾರ ಯಾಕೆ ಅಂತ ಆಗ ಅರ್ಥವಾಯ್ತು. ಭಾವ ಒಂದು ಮಾತೂ ಆಡಲಿಲ್ಲ. ನನ್ನ ಮುಖ ನೋಡಿ ಸುಮ್ನೆ ತಿಂದರು. ಅದೇ ನನಗೆ ಜಾಸ್ತಿ ನೋವಾಗಿದ್ದು.

ಬಿಲ್ ನೋಡಿ. ಎರಡು ಮಾಂಜಿಗೆ 2,800. ನಾಲ್ಕು ತುಂಡು ಅಂಜಲ್‌ಗೆ 1,680. ಸಿಗಡಿ ಘೀ ರೋಸ್ಟ್ 520, ನಾಲ್ಕು ಊಟ 640. ಮೇಲೆ 10% ಸರ್ವಿಸ್ ಚಾರ್ಜ್, ಅದರ ಮೇಲೆ ಜಿಎಸ್‌ಟಿ.

ಕ್ಯಾಶಿಯರ್ ಹತ್ತಿರ ಹೋದೆ. "ಸೈಜ್ ರೇಟ್ ಸಾರ್. ನೀವೇ ಅಲ್ವಾ ಮೀನು ಆರಿಸಿದ್ದು?"

ಇಷ್ಟೊಂದಾ ಅಂತ ಕೇಳಿದ್ದಕ್ಕೆ ಬಂದ ಉತ್ತರ ಕೇಳಿ: "ಈಗ ಬೋಟೇ ಹೋಗುದಿಲ್ಲ ಅಲ್ವಾ ಸಾರ್? ಎರಡು ತಿಂಗಳು ಬಂದ್. ಹೊರಗಿಂದ ಐಸಲ್ಲಿ ಬರಬೇಕು. ರೇಟ್ ಜಾಸ್ತಿಯೇ."

ಬೋಟೇ ಹೋಗಲ್ಲ! ಒಂದು ಗಂಟೆ ಹಿಂದೆ ಅದೇ ಹೋಟೆಲಿನಲ್ಲಿ ಬೋಟಿಂದ ಈಗಷ್ಟೇ ಇಳೀತು ಅಂದಿದ್ದರು. ಕೇಳಿದೆ. "ಅವ ಹಾಗೆ ಹೇಳಿರ್ಲಿಕ್ಕಿಲ್ಲ. ನಿಮಗೆ ಕೇಳಿದ್ದು ತಪ್ಪಿರಬೇಕು" ಅಂದ. ಆ ಹುಡುಗ ಅಲ್ಲೇ ನಿಂತು ನೆಲ ನೋಡುತ್ತಿದ್ದ. ಹಿಂದೆ ಬಿಲ್ ಕಟ್ಟೋಕೆ ನಿಂತವರೆಲ್ಲ ನನ್ನನ್ನೇ ನೋಡುತ್ತಿದ್ದರು. ಸರ್ವಿಸ್ ಚಾರ್ಜ್ ತೆಗೀರಿ ಅಂದ್ರೆ "ಕಂಪ್ಯೂಟರಲ್ಲೇ ಬರ್ತದೆ, ತೆಗೀಲಿಕ್ಕೆ ಆಗುದಿಲ್ಲ." ಕಟ್ಟಿ ಬಂದೆ. ಕಟ್ಟಬಾರದಿತ್ತು.

ವಾಪಸ್ ಬರುವಾಗ ಆಟೋದವರು ಹೇಳಿದರು. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲವಂತೆ. ಮೀನು ಮೊಟ್ಟೆ ಇಡುವ ಕಾಲ. ನಾಡದೋಣಿಯವರು ತರುವಷ್ಟೇ ಊರಿನ ಮೀನು. ಕರಾವಳಿಯ ಮಕ್ಕಳಿಗೂ ಗೊತ್ತಿರುವ ವಿಷಯ. ನಮ್ಮಂಥ ಘಟ್ಟದ ಮೇಲಿನವರಿಗೆ ಗೊತ್ತಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು. ಐಸಿನ ಮೀನು ಅಂತ ಮೊದಲೇ ಹೇಳಿದ್ದರೆ ನನಗೇನೂ ಬೇಜಾರಿರಲಿಲ್ಲ. ಸುಳ್ಳು ಯಾಕೆ?

ಮರುದಿನ ಅದೇ ಆಟೋದವರು ತೋರಿಸಿದ ಸಣ್ಣ ಹೋಟೆಲಿನಲ್ಲಿ ಬೂತಾಯಿ ಮೀನಿನ ಪುಳಿಮುಂಚಿ (ಹುಳಿ-ಖಾರದ ಸಾರು), ಕುಚ್ಚಲಕ್ಕಿ ಅನ್ನ ತಿಂದೆವು. ಗೋಡೆ ಮೇಲೆ ರೇಟ್ ಬರೆದಿತ್ತು. ಭಾವ ಎರಡು ಸಲ ಸಾರು ಹಾಕಿಸಿಕೊಂಡರು.

‘ಸೈಜ್ ಮೇಲೆ’ ಅಂತ ಇದ್ದರೆ ಬೇಯಿಸುವ ಮೊದಲೇ ರೇಟ್ ಬರೆಸಿಕೊಳ್ಳಿ. ಬರೆದು ಕೊಡಲ್ಲ ಅಂದ್ರೆ ಎದ್ದು ಬನ್ನಿ, ನಾಚಿಕೆ ಬೇಡ. ಸರ್ವಿಸ್ ಚಾರ್ಜ್ ತಾನಾಗಿಯೇ ಬಿಲ್ಲಿಗೆ ಸೇರಿಸಬಾರದು ಅಂತ 2022ರ ಜುಲೈನಲ್ಲೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೇಳಿದೆ. ನನಗೆ ಇದು ಮನೆಗೆ ಬಂದಮೇಲೆ ಗೊತ್ತಾಯ್ತು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಬಿಲ್ಲಿನ ಫೋಟೋ ಇಟ್ಟುಕೊಂಡಿದ್ದೇನೆ.

ಬರುವಾಗ ಸಕಲೇಶಪುರದಲ್ಲಿ ಚಹಾಕ್ಕೆ ಇಳಿದಾಗ ಭಾವ ಮೆಲ್ಲಗೆ "ಅರ್ಧ ನಾನು ಕೊಡ್ತೀನಿ ಕಣೋ" ಅಂದರು. ಬೇಡ ಅಂದೆ. ಅವರ ಮುಖ ನೋಡೋಕೆ ಆಗಲಿಲ್ಲ.