ಕ್ರೈಸ್ತಧರ್ಮ ಹುಟ್ಟಿದ್ದು ಹೇಗೆ: ಆಟ್ವಿಲ್ ಓದ್ಬೇಕಾ, ಕ್ಯಾರಿಯರ್ ಓದ್ಬೇಕಾ?

ಯೇಸು ಅನ್ನೋ ಮನುಷ್ಯ ಇರ್ಲೇ ಇಲ್ಲ ಅನ್ನೋರಲ್ಲಿ ಈ ಇಬ್ರ ಹೆಸರು ಜಾಸ್ತಿ ಕೇಳಿಸುತ್ತೆ, ಆದ್ರೆ ಇಬ್ರೂ ಒಂದೇ ಥರ ಅಲ್ಲ.

ಜೋಸೆಫ್ ಆಟ್ವಿಲ್ ಪ್ರಕಾರ ಸುವಾರ್ತೆಗಳನ್ನ (ಬೈಬಲ್‌ನಲ್ಲಿರೋ ಯೇಸುವಿನ ಜೀವನಕಥೆಗಳು) ಬರೆಸಿದ್ದೇ ರೋಮಿನ ಫ್ಲೇವಿಯನ್ ಚಕ್ರವರ್ತಿಗಳು, ದಂಗೆ ಏಳ್ತಿದ್ದ ಯಹೂದಿಗಳನ್ನ ತಣ್ಣಗೆ ಮಾಡೋಕೆ, ಯೇಸುವಿನ ಓಡಾಟ ಎಲ್ಲಾ ಆ ಕಾಲದ ಯಹೂದಿ ಇತಿಹಾಸಕಾರ ಜೋಸೆಫಸ್ ಬರೆದಿರೋ, ಅದೇ ಫ್ಲೇವಿಯನ್ ವಂಶದ ಟೈಟಸ್‌ನ ದಂಡಯಾತ್ರೆಗೆ ಮ್ಯಾಚ್ ಆಗುತ್ತಂತೆ. ಓದೋಕೆ ಮಜಾ ಇದೆ ಬಿಡಿ. ಆದ್ರೆ ಆ ವಂಶ ಪಟ್ಟಕ್ಕೆ ಬಂದಿದ್ದೇ ಕ್ರಿ.ಶ. 69ರಲ್ಲಿ, ಯೇಸುವಿನ ಧರ್ಮ ಸಾರ್ತಿದ್ದ ಪೌಲನ ಪತ್ರಗಳು ಅದಕ್ಕೂ ಮುಂಚೆ 50ರ ದಶಕದವು, ಆಗ್ಲೇ ಊರೂರಲ್ಲಿ ಕ್ರೈಸ್ತ ಸಭೆಗಳಿದ್ವು, ಇಲ್ಲೇ ಕಥೆ ಕೆಡುತ್ತೆ.

ರಿಚರ್ಡ್ ಕ್ಯಾರಿಯರ್ ಆ ಪತ್ರಗಳಿಂದಾನೇ ಶುರು ಮಾಡ್ತಾನೆ, ಅದಕ್ಕೆ ಗಟ್ಟಿ. ಯೇಸು ಮೊದ್ಲು ದರ್ಶನದಲ್ಲಿ ಕಂಡ ಸ್ವರ್ಗದ ಜೀವಿ, ಭೂಮಿ ಮೇಲಿನ ಕಥೆ ಆಮೇಲೆ ಸೇರಿದ್ದು ಅಂತ ಅವನ ವಾದ. ಆಟ್ವಿಲ್ ಥಿಯರಿನ ಅವನೇ ತಳ್ಳಿಹಾಕಿದಾನೆ! ತೊಡಕು ಏನಂದ್ರೆ, ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲ ಕರ್ತನ (ಅಂದ್ರೆ ಯೇಸುವಿನ) ತಮ್ಮ ಯಾಕೋಬನ್ನ ನೋಡ್ದೆ ಅಂತಾನೆ, ಕ್ಯಾರಿಯರ್ ಅದನ್ನ ಬರೀ ಧರ್ಮಸೋದರ ಅಂತ ಮಾಡೋದು ನಂಗಂತೂ ಎಳೆದಾಡಿದಂಗೆ ಕಾಣುತ್ತೆ.

ಒಂದೇ ಓದೋದಾದ್ರೆ ಕ್ಯಾರಿಯರ್, ಜೊತೆಗೆ ಬೈಬಲ್ ವಿದ್ವಾಂಸ ಬಾರ್ಟ್ ಎರ್ಮನ್‌ದು 2012ರ ಪುಸ್ತಕ ‘Did Jesus Exist?’ ಇಟ್ಕೊಳಿ, ಆತ ದೇವ್ರನ್ನ ನಂಬಲ್ಲ ಆದ್ರೂ ಯೇಸು ಇದ್ದ ಅಂತಾನೆ, ಬಹುಪಾಲು ವಿದ್ವಾಂಸರದೂ ಅದೇ ಮಾತು.