ಶಾಲಾ ಬ್ಯಾಂಡಿಗೆ ಯಮಾಹಾ ವೈಸಿಎಲ್-255 ಕ್ಲಾರಿನೆಟ್: ಬಾಡಿಗೆಯೋ, ಖರೀದಿಯೋ?

ಅಮೆರಿಕದಲ್ಲಿರುವ ನಮ್ಮವರ ಮಕ್ಕಳು ಐದನೇ ಅಥವಾ ಆರನೇ ತರಗತಿಗೆ ಬಂದಾಗ ಶಾಲೆಯ ಬ್ಯಾಂಡ್ ಶುರುವಾಗುತ್ತದೆ. ಕ್ಲಾರಿನೆಟ್ ಆರಿಸಿಕೊಂಡ ಮಗುವಿಗೆ ವೈಸಿಎಲ್-255 ಧೈರ್ಯವಾಗಿ ಕೊಡಿಸಬಹುದಾದ ವಾದ್ಯ.

ಇದರ ಮೈ ಎಬಿಎಸ್ ಪ್ಲಾಸ್ಟಿಕ್. ಮರದ್ದಲ್ಲವಲ್ಲ ಎಂದು ಮುಖ ಸಿಂಡರಿಸಬೇಡಿ. ಹೊರಗೆ ಕೊರೆಯುವ ಚಳಿ, ಮನೆಯೊಳಗೆ ಹೀಟರಿನ ಒಣಗಾಳಿ, ಕೊಳವೆಯೊಳಗೆ ಬಿಸಿ ಉಸಿರಿನ ತೇವ ಸೇರಿದಾಗ ಮರದ ವಾದ್ಯ ಬಿರುಕು ಬಿಡಬಹುದು. ಪ್ಲಾಸ್ಟಿಕ್ಕಿಗೆ ಆ ಭಯವಿಲ್ಲ. ಬಲಗೈ ಹೆಬ್ಬೆರಳಿನ ಆಧಾರವನ್ನು ಮೇಲೆ ಕೆಳಗೆ ಸರಿಸಬಹುದು. ಪುಟ್ಟ ಕೈಗೆ ಇದು ದೊಡ್ಡ ಅನುಕೂಲ, ಏಕೆಂದರೆ ಉಂಗುರದ ಬೆರಳು ಕೆಳಗಿನ ರಂಧ್ರವನ್ನು ಪೂರ್ತಿ ಮುಚ್ಚದಿದ್ದರೆ ವಾದ್ಯ ಕಿರುಚುತ್ತದೆ. ಬಾಯಲ್ಲಿಟ್ಟು ಊದುವ ತುದಿಭಾಗವಾಗಿ ಜೊತೆಗೆ ಬರುವ 4ಸಿ ಮೌತ್‌ಪೀಸ್ ಮೊದಲ ವರ್ಷಕ್ಕೆ ಸಾಕು. ಮುಂದೆ ನಾದ ಸುಧಾರಿಸಬೇಕೆನಿಸಿದರೆ ಕ್ಲಾರಿನೆಟ್ ಬದಲಿಸಲು ಹೋಗದೆ ಮೌತ್‌ಪೀಸ್ ಮಾತ್ರ ಬದಲಿಸಿ. ವ್ಯಾಂಡೊರೆನ್ ಕಂಪನಿಯ ಬಿ45 ಹಾಕಿದರೂ ವ್ಯತ್ಯಾಸ ಚೆನ್ನಾಗಿ ಕೇಳಿಸುತ್ತದೆ.

ಮಕ್ಕಳ ಕೈಯಲ್ಲಿ ಮೊದಲು ಕೆಡುವುದು ಬ್ರಿಜ್ ಕೀ, ಅಂದರೆ ಮೇಲಿನ ಮತ್ತು ಕೆಳಗಿನ ಕೊಳವೆಗಳ ಕೀಗಳನ್ನು ಬೆಸೆಯುವ ಸಣ್ಣ ಸನ್ನೆ. ಜೋಡಿಸುವಾಗ ಮೊದಲು ಕೊಳವೆಯ ತುದಿಯ ಕಾರ್ಕಿಗೆ ತೆಳುವಾಗಿ ಗ್ರೀಸ್ ಸವರಿ. ಮೇಲಿನ ಕೊಳವೆಯ ರಂಧ್ರಗಳ ಸುತ್ತಲಿನ ಉಂಗುರಗಳನ್ನು ಎಡಗೈಯಲ್ಲಿ ಒತ್ತಿ ಹಿಡಿದರೆ ಆ ಸನ್ನೆ ಮೇಲೇಳುತ್ತದೆ. ಹಾಗೇ ಹಿಡಿದು, ಅತ್ತಿತ್ತ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಕೊಳವೆಯನ್ನು ಒಳಗೆ ತಳ್ಳಬೇಕು. ಉಂಗುರ ಒತ್ತದೆ ಬಲವಂತವಾಗಿ ತಿರುಗಿಸಿದರೆ ಕೀ ಬಾಗಿ, ರಂಧ್ರ ಮುಚ್ಚುವ ಮೆತ್ತನೆಯ ಪ್ಯಾಡ್ ಸರಿಯಾಗಿ ಕೂರದೆ ಗಾಳಿ ಸೋರುತ್ತದೆ. ಕೆಳಗಿನ ಸ್ವರಗಳು ಹೊರಡುವುದೇ ಇಲ್ಲ. ಹಾಗಂತ ಪ್ರತಿ ಕಿರುಚಾಟಕ್ಕೂ ವಾದ್ಯವನ್ನು ದೂರಬೇಡಿ, ಮೊದಲು ರೀಡ್ (ಮೌತ್‌ಪೀಸಿಗೆ ಕಟ್ಟುವ, ಕಂಪಿಸಿ ನಾದ ಹೊರಡಿಸುವ ತೆಳು ಪಟ್ಟಿ) ನೋಡಿ. ಅದರ ತುದಿ ಚೂರೇ ಮುರಿದಿದ್ದರೂ ಸ್ವರ ಕೆಡುತ್ತದೆ. 2 ಅಥವಾ 2½ ನಂಬರಿನ (ನಂಬರು ಹೇಳುವುದು ರೀಡಿನ ಗಡಸುತನ) ಮೂರು ನಾಲ್ಕು ರೀಡ್ ಇಟ್ಟುಕೊಂಡು ಸರದಿಯಲ್ಲಿ ಬಳಸಿ. ನುಡಿಸಿದ ಮೇಲೆ ಒಳಗೆ ಬಟ್ಟೆ ಎಳೆದು ಒರೆಸದಿದ್ದರೆ ಪ್ಯಾಡುಗಳು ಬೇಗ ಹಾಳಾಗುತ್ತವೆ.

ಈಗ ದುಡ್ಡಿನ ವಿಚಾರ. ಪಿಟೀಲಾದರೆ ಮಗು ಬೆಳೆದಂತೆ 1/2, 3/4 ಎಂದು ಅಳತೆ ಬದಲಾಗುತ್ತದೆ, ಅದಕ್ಕೆ ಬಾಡಿಗೆಯೇ ಸರಿ. ಬ್ಯಾಂಡಿನ ಬಿ-ಫ್ಲ್ಯಾಟ್ ಕ್ಲಾರಿನೆಟ್ ಹೈಸ್ಕೂಲಿಗೂ ಅದೇ ಅಳತೆ. ಹಾಗಾಗಿ ಮಗುವಿಗೆ ರುಚಿ ಹತ್ತುತ್ತದೋ ಇಲ್ಲವೋ ಎಂದು ನೋಡುವಷ್ಟು ಕಾಲ, ಹೆಚ್ಚೆಂದರೆ ಒಂದು ವರ್ಷ, ಬಾಡಿಗೆ ಸಾಕು. ಕಟ್ಟಿದ ಬಾಡಿಗೆ ಬೆಲೆಗೆ ಜಮೆಯಾಗುವ ಕರಾರಾದರೆ ಎರಡು ಸಾಲು ಗಮನವಿಟ್ಟು ಓದಿ: ವಾದ್ಯದ ಬೆಲೆ ಎಷ್ಟೆಂದು ಬರೆದಿದ್ದಾರೆ, ರಿಪೇರಿ ರಕ್ಷಣೆಯ ಹಣ ಜಮೆಯಾಗುತ್ತದೆಯೇ. ತಿಂಗಳಿಗೆ 30 ಡಾಲರ್ ಕಟ್ಟಿ ಅದರಲ್ಲಿ 7 ಡಾಲರ್ ರಕ್ಷಣೆಗೆ ಹೋದರೆ 10 ತಿಂಗಳಿಗೆ ಜಮೆಯಾಗುವುದು 230 ಡಾಲರ್ ಮಾತ್ರ. ಅದನ್ನೂ ಪೂರ್ತಿ ಪಟ್ಟಿಬೆಲೆಯಿಂದ ಕಳೆದರೆ, ಬೇರೆಡೆ ರಿಯಾಯಿತಿಯಲ್ಲಿ ಸಿಗುವ ಅದೇ ವಾದ್ಯಕ್ಕಿಂತ ನಿಮ್ಮದು ದುಬಾರಿಯಾಗಬಹುದು.

ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಬಣ್ಣಬಣ್ಣದ ಕ್ಲಾರಿನೆಟ್ ಬೇಡವೇ ಬೇಡ. ಕೀಗಳ ಲೋಹ ಮೆತ್ತಗೆ, ಬಿಡಿಭಾಗ ಸಿಗುವುದಿಲ್ಲ, ಎಷ್ಟೋ ರಿಪೇರಿಯವರು ಮುಟ್ಟುವುದೂ ಇಲ್ಲ. ಅದರ ಬದಲು ಹಳೆಯ 255 ಅಥವಾ ಅದರ ಹಿಂದಿನ 250 ಹುಡುಕಿ. ಕೊಳ್ಳುವ ಮೊದಲು ಮೇಲಿನ ಕೊಳವೆಯೊಂದನ್ನೇ ಕೈಗೆ ತೆಗೆದುಕೊಂಡು, ಹೆಬ್ಬೆರಳಿನ ರಂಧ್ರವೂ ಸೇರಿ ಎಲ್ಲ ರಂಧ್ರಗಳನ್ನು ಎಡಗೈಯಲ್ಲಿ ಮುಚ್ಚಿ, ಕೆಳತುದಿಗೆ ಬಲ ಅಂಗೈ ಒತ್ತಿ, ಮೇಲಿನಿಂದ ಗಾಳಿ ಹೀರಿ. ಎಳೆತ ಕೆಲವು ಸೆಕೆಂಡು ನಿಂತರೆ ಪ್ಯಾಡುಗಳು ಸರಿಯಿವೆ. ಕೂಡಲೇ ಸೋರಿದರೆ ಪ್ಯಾಡ್ ಬದಲಿಸುವ ಖರ್ಚನ್ನು ರಿಪೇರಿಯವರಲ್ಲಿ ಕೇಳಿಕೊಂಡು, ಅಷ್ಟನ್ನು ಬೆಲೆಯಲ್ಲಿ ಇಳಿಸಲು ಹೇಳಿ.