ಹೃದಯ ಚಿಕಿತ್ಸಾಲಯಕ್ಕೆ ಹೋಗುವ ಮುನ್ನ

ತಂದೆಯವರ ತಪಾಸಣೆಗಾಗಿ ನಾನು ಮೂರು ಬಾರಿ ಹೋಗಿಬಂದ ಹೃದಯ ಚಿಕಿತ್ಸಾಲಯದಲ್ಲಿ ವೈದ್ಯರ ತಾಳ್ಮೆ ನಿಜಕ್ಕೂ ದೊಡ್ಡದು. ಆದರೆ ರೋಗಿಗೆ ಮೊದಲೇ ತಿಳಿಸಬೇಕಾದದ್ದನ್ನು ಅಲ್ಲಿನ ಸಿಬ್ಬಂದಿ ತಿಳಿಸುವುದಿಲ್ಲ. ಟ್ರೆಡ್‌ಮಿಲ್ ಪರೀಕ್ಷೆಗೆ (ಚಲಿಸುವ ಪಟ್ಟಿಯ ಮೇಲೆ ನಡೆಸುತ್ತಾ ಹೃದಯವನ್ನು ಪರೀಕ್ಷಿಸುವುದು) ಎರಡು ಮೂರು ಗಂಟೆ ಮುಂಚಿನಿಂದ ಹೊಟ್ಟೆ ತುಂಬ ಉಣ್ಣಬಾರದೆಂದು ಯಾರೂ ಹೇಳದ ಕಾರಣ, ಆಗಷ್ಟೇ ಊಟ ಮುಗಿಸಿ ಹೋಗಿದ್ದ ನಾವು ಇನ್ನೊಂದು ದಿನ ಬರಬೇಕಾಯಿತು.

ಹೃದಯದ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಸಿಜಿಗೆ ಹೆಚ್ಚೆಂದರೆ ಹತ್ತು ನಿಮಿಷ ಸಾಕು, ನೋವೂ ಇಲ್ಲ. ತಂದೆಯವರು ಎದೆಗೆ ಎಣ್ಣೆ ಹಚ್ಚಿಕೊಂಡಿದ್ದರಿಂದ ಅಂಟುಪಟ್ಟಿಗಳು ಮತ್ತೆ ಮತ್ತೆ ಕಳಚಿಕೊಂಡವು. ತಂತ್ರಜ್ಞೆ ಬೇಸರಿಸದೆ ಹತ್ತಿಯಿಂದ ಒರೆಸಿ, ಹತ್ತೂ ತಂತಿಗಳನ್ನು ಪುನಃ ಜೋಡಿಸಿದರು. ಮುಂದೆ ಬಟನ್ ಇರುವ ಸಡಿಲ ಅಂಗಿ ತೊಟ್ಟರೆ ಅನುಕೂಲ.

ನನಗೆ ಬಹಳ ಹಿಡಿಸಿದ್ದು ಔಷಧಿಗಳ ವಿಚಾರಣೆ. ವೈದ್ಯರು ನಾವು ಒಯ್ದ ಮಾತ್ರೆಗಳ ಸ್ಟ್ರಿಪ್‌ಗಳನ್ನು ಮೇಜಿನ ಮೇಲೆ ಹರಡಿ, ಪ್ರತಿಯೊಂದರ ಹೆಸರು, ಪ್ರಮಾಣ, ಸೇವಿಸುವ ಸಮಯವನ್ನು ಕೇಳಿ ಬರೆದುಕೊಂಡರು. ಆದ್ದರಿಂದ ಹಳೆಯ ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ವರದಿಗಳ ಜೊತೆಗೆ ಮಾತ್ರೆಗಳನ್ನೂ ತಪ್ಪದೆ ಒಯ್ಯಿರಿ. ಪರೀಕ್ಷೆಯಿದೆಯೆಂದು ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ, ಏಕೆಂದರೆ ಹೃದಯ ಬಡಿತವನ್ನು ನಿಧಾನಗೊಳಿಸುವ ಬೀಟಾ ಬ್ಲಾಕರ್‌ನಂಥವುಗಳನ್ನು ಹಠಾತ್ತನೆ ಬಿಡುವುದು ಅಪಾಯಕಾರಿ.

ಆದರೆ ಎದೆನೋವು ತೋಳಿಗೋ ದವಡೆಗೋ ಹರಡಿ ಬೆವರು ಬಂದರೆ ಇಂಥ ಚಿಕಿತ್ಸಾಲಯದ ಸರದಿಗಾಗಿ ಕಾಯದೆ ಕೂಡಲೇ ಆಂಬುಲೆನ್ಸ್ ಕರೆಸಿ.